ವಿಡಿಯೊ ನೋಡಿ ಲ್ಯಾಪ್‌ಟಾಪ್ ಮದರ್‌ಬೋರ್ಡ್ ರಿಪೇರಿ ಕಲಿಯುವುದು ಹೇಗೆ?

ವಿಡಿಯೊ ನೋಡಿಕೊಂಡೇ ಮದರ್‌ಬೋರ್ಡ್ ರಿಪೇರಿ ಕಲಿಯೋಕೆ ಆಗುತ್ತಾ? ಯಾವ ಕೋರ್ಸ್ ಸೇರಲಿ? ಮೊದಲು ಯಾವ ಮಷೀನ್ ತಗೊಳ್ಳಲಿ? ಓದುಗರಿಂದ ಇದೇ ಮೂರು ಪ್ರಶ್ನೆ ಮತ್ತೆ ಮತ್ತೆ ಬರುತ್ತವೆ. ಕೇಳುವವರಲ್ಲಿ ಹೆಚ್ಚಿನವರು ವಿಂಡೋಸ್ ಹಾಕುವುದು, ರ‍್ಯಾಮ್, ಎಸ್‌ಎಸ್‌ಡಿ, ಸ್ಕ್ರೀನ್ ಬದಲಾಯಿಸುವುದು ಇದನ್ನೆಲ್ಲ ಈಗಾಗಲೇ ಮಾಡುತ್ತಿರುವವರು. ಬೋರ್ಡ್ ಹೋಯಿತು ಅಂದ ಕೂಡಲೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿಗೆ ಕಳಿಸಿ ಕಾಯಬೇಕಲ್ಲ ಅನ್ನುವುದು ಅವರ ತೊಂದರೆ.

ನೇರ ಉತ್ತರ: ಕಲಿಯಬಹುದು. ಆದರೆ ಎಷ್ಟು ಹೊತ್ತು ವಿಡಿಯೊ ನೋಡುತ್ತೀರೋ, ಕನಿಷ್ಠ ಅಷ್ಟೇ ಹೊತ್ತು ಮಲ್ಟಿಮೀಟರ್ ಹಿಡಿದು ಬೋರ್ಡ್ ಮುಂದೆ ಕೂರಬೇಕು. ಈ ಕೆಲಸದ ಬಹುಪಾಲು ಅಳತೆ. ಬಿಸಿ ಗಾಳಿ ಹೊಡೆದು ಐಸಿ (ಚಿಪ್) ಕೀಳುವುದು ಕೊನೆಯ ಹತ್ತು ನಿಮಿಷದ ಕೆಲಸ. ಹೊಸಬರು ಇದನ್ನು ತಿರುಗಾ ಮುರುಗಾ ಮಾಡಿಕೊಳ್ಳುತ್ತಾರೆ. ಮೊದಲ ತಿಂಗಳೇ ಎಸ್‌ಎಂಡಿ ಮಷೀನ್ (ಬಿಸಿ ಗಾಳಿ ಊದುವ ಮಷೀನ್) ಕೊಂಡು, ಸರಿಯಿದ್ದ ಐಸಿಯನ್ನೂ ಕಿತ್ತು, ಬೋರ್ಡ್ ಸುಟ್ಟುಕೊಂಡು, 'ಇದು ನಮಗೆ ಆಗೋದಲ್ಲ' ಅಂತ ಬಿಡುತ್ತಾರೆ.

ಇಲ್ಲಿ ಹೇಳಿರುವುದು ಲ್ಯಾಪ್‌ಟಾಪ್ ಬೋರ್ಡ್ ಬಗ್ಗೆ ಮಾತ್ರ. ಡೆಸ್ಕ್‌ಟಾಪ್‌ನ ಎಸ್‌ಎಂಪಿಎಸ್ ಡಬ್ಬಿಯನ್ನು, ಅಂದರೆ ಪವರ್ ಸಪ್ಲೈಯನ್ನು ಕಲಿಕೆಯ ನೆಪದಲ್ಲಿ ಬಿಚ್ಚಲೇಬೇಡಿ. 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ಮೊದಲು ಏನೇನು ಬೇಕು

ಶುರುವಿಗೆ ಮೂರೇ ಸಾಮಾನು. ಡಯೋಡ್ ಮೋಡ್ ಇರುವ ಒಂದು ಮಲ್ಟಿಮೀಟರ್. ಚೂಪಾದ ಪ್ರೋಬ್ ಇದ್ದರೆ ಒಳ್ಳೆಯದು, ದಪ್ಪ ಪ್ರೋಬ್ ಪಕ್ಕದ ಪಿನ್ನಿಗೂ ತಾಗಿ ಹೊಸ ಶಾರ್ಟ್ ಮಾಡುತ್ತದೆ. ಎರಡನೆಯದು, ಒಂದು ಹಳೆಯ ಆದರೆ ಆನ್ ಆಗುವ ಲ್ಯಾಪ್‌ಟಾಪ್. ಸ್ಕ್ರೀನ್ ಒಡೆದದ್ದೋ, ಕೀಬೋರ್ಡ್ ಹೋದದ್ದೋ ಆದರೂ ಸರಿ. ಮೂರನೆಯದು, ನಾಲ್ಕೈದು ಸ್ಕ್ರ್ಯಾಪ್ ಬೋರ್ಡ್. ಎಸ್.ಪಿ. ರೋಡ್ ತನಕ ಹೋಗಬೇಕಾಗಿಲ್ಲ, ನಿಮ್ಮೂರಿನ ಕಂಪ್ಯೂಟರ್ ಅಂಗಡಿಯ ಅಟ್ಟದ ಮೇಲೆ ಒಂದು ರಾಶಿ ಬಿದ್ದಿರುತ್ತದೆ. ಕೇಳಿದರೆ ಕೊಡುತ್ತಾರೆ.

ಮುಂದಿನ ಹಂತಗಳಿಗೆ ಟೆಂಪರೇಚರ್ ಕಂಟ್ರೋಲ್ ಇರುವ ಸೋಲ್ಡರಿಂಗ್ ಐರನ್, ಒಳ್ಳೆಯ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿಯಲು ಹಚ್ಚುವ ಪೇಸ್ಟ್), ವಿಕ್ (ಸೋಲ್ಡರ್ ಹೀರುವ ತಾಮ್ರದ ಪಟ್ಟಿ), ಟ್ವೀಜರ್, ಐಪಿಎ (ಬೋರ್ಡ್ ತೊಳೆಯುವ ಐಸೊಪ್ರೊಪೈಲ್ ಆಲ್ಕೋಹಾಲ್), 30 ವೋಲ್ಟ್ 5 ಆಂಪ್‌ನ ಡಿಸಿ ಪವರ್ ಸಪ್ಲೈ ಬೇಕಾಗುತ್ತವೆ. ಎಸ್‌ಎಂಡಿ ಮಷೀನ್ ಅದಕ್ಕೂ ಆಮೇಲೆ. ಬಿಜಿಎ ಮಷೀನ್ (ದೊಡ್ಡ ಚಿಪ್ ಬದಲಿಸುವ ಮಷೀನ್), ಆಸಿಲೋಸ್ಕೋಪ್, ಥರ್ಮಲ್ ಕ್ಯಾಮೆರಾ ಮೊದಲ ವರ್ಷ ಬೇಡ. ಕೋರ್ಸ್ ಮಾರುವವರೇ ಇವನ್ನೂ ಮಾರುತ್ತಿದ್ದರೆ ಸ್ವಲ್ಪ ಹುಷಾರು.

ಇನ್ನೊಂದು ಮಾತು, ಅರ್ಥಿಂಗ್ ಬಗ್ಗೆ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ವೈರೇ ಬಂದಿರುವುದಿಲ್ಲ. ಐರನ್ನಿನ ಲೋಹದ ಭಾಗ ಮುಟ್ಟಿದಾಗ ಕೈ ಜುಮ್ ಅಂದರೆ ಅದೇ ಕಾರಣ ಇರಬಹುದು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ.

ಹಂತ 1: ಬೇಸಿಕ್ಸ್, ಬೇಕಾದಷ್ಟೇ

ಓಮ್ಸ್ ನಿಯಮ, ರೆಸಿಸ್ಟರ್, ಕೆಪಾಸಿಟರ್, ಡಯೋಡ್, ಮಾಸ್ಫೆಟ್, ಬಕ್ ಕನ್ವರ್ಟರ್. ಇಷ್ಟು ಸಾಕು. ಮಾಸ್ಫೆಟ್ ಅಂದರೆ ವೋಲ್ಟೇಜಿನಿಂದ ಆನ್ ಆಫ್ ಮಾಡುವ ಸ್ವಿಚ್. ಬಕ್ ಕನ್ವರ್ಟರ್ ಅಂದರೆ ಅಡಾಪ್ಟರಿನ 19 ವೋಲ್ಟನ್ನು 5, 3.3, 1.2 ಹೀಗೆ ಇಳಿಸುವ ಸರ್ಕ್ಯೂಟ್. ಎರಡು ಮಾಸ್ಫೆಟ್, ಒಂದು ಕಾಯಿಲ್, ಕೆಲವು ಕೆಪಾಸಿಟರ್, ಇವನ್ನು ಆಡಿಸುವ ಒಂದು ಐಸಿ. ಕಾಲುವೆಯ ತೂಬನ್ನು ತೆರೆದು ಮುಚ್ಚಿ ಗದ್ದೆಗೆ ಬೇಕಾದಷ್ಟೇ ನೀರು ಬಿಡುವ ಹಾಗೆ, ಮೇಲಿನ ಮಾಸ್ಫೆಟ್ (19 ವೋಲ್ಟ್ ಕಡೆಯದು) ಸೆಕೆಂಡಿಗೆ ಲಕ್ಷಾಂತರ ಸಲ ತೆರೆದು ಮುಚ್ಚಿ ಬೇಕಾದಷ್ಟೇ ಪವರ್ ಕೆಳಗೆ ಬಿಡುತ್ತದೆ. ಬೋರ್ಡ್ ಮೇಲೆ ಕಾಣುವ ಪ್ರತಿ ದೊಡ್ಡ ಕಾಯಿಲ್ ಹತ್ತಿರವೂ ಸಾಮಾನ್ಯವಾಗಿ ಇಂಥದ್ದೊಂದು ಸರ್ಕ್ಯೂಟ್ ಇರುತ್ತದೆ.

ಐಐಟಿ ಮತ್ತು ಐಐಎಸ್‌ಸಿ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತವಾಗಿಯೇ ಸಿಗುತ್ತವೆ. ಗಣಿತ ಜಾಸ್ತಿ. ಪೂರ್ತಿ ನೋಡಲು ಹೊರಟರೆ ಅಲ್ಲೇ ಸುಸ್ತಾಗುತ್ತೀರಿ. ಡಯೋಡ್, ಮಾಸ್ಫೆಟ್, ಬಕ್ ಕನ್ವರ್ಟರ್ ಪಾಠಗಳನ್ನು ಆರಿಸಿಕೊಂಡು ನೋಡಿ, ಮುಂದೆ ಹೋಗಿ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದಿದವರು ಈ ಹಂತವನ್ನೇ ಬಿಡಬಹುದು.

ಹಂತ 2: ಸರಿಯಿರುವ ಬೋರ್ಡ್ ಅಳೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಸರಿಯಿರುವ ಬೋರ್ಡಿನಲ್ಲಿ ಎಷ್ಟು ತೋರಿಸುತ್ತದೆ ಅಂತ ಗೊತ್ತಿಲ್ಲದವರಿಗೆ ಕೆಟ್ಟ ಬೋರ್ಡಿನ ಅಳತೆ ನೋಡಿ ಏನು ತಿಳಿಯುತ್ತದೆ?

ಅಡಾಪ್ಟರ್ ತೆಗೆಯಿರಿ, ಬ್ಯಾಟರಿ ಕನೆಕ್ಟರ್ ಬಿಡಿಸಿ. ಈ ಕ್ರಮ ಇವತ್ತಿನಿಂದಲೇ ಅಭ್ಯಾಸ ಆಗಲಿ. ಬ್ಯಾಟರಿ ಇದ್ದಾಗಲೇ ಡಿಸ್‌ಪ್ಲೇ ಕೇಬಲ್ ಎಳೆದರೆ ಬ್ಯಾಕ್‌ಲೈಟ್ ಫ್ಯೂಸ್ ಹೋಗಬಹುದು, ಕೆಲವೊಮ್ಮೆ ಅದಕ್ಕಿಂತ ದೊಡ್ಡದೇ ಹೋಗುತ್ತದೆ.

ಮೀಟರನ್ನು ಓಮ್ಸ್‌ಗೆ ಹಾಕಿ, ಕಪ್ಪು ಪ್ರೋಬನ್ನು ಸ್ಕ್ರೂ ತೂತಿನ ಸುತ್ತ ಇರುವ ಗ್ರೌಂಡಿಗೆ ಹಿಡಿದು, ಕೆಂಪನ್ನು ಒಂದೊಂದೇ ಕಾಯಿಲ್‌ಗೆ ಇಟ್ಟು ಬರೆದುಕೊಳ್ಳಿ. ಆಮೇಲೆ ಡಯೋಡ್ ಮೋಡಿನಲ್ಲಿ ಪ್ರೋಬ್ ಅದಲು ಬದಲು ಮಾಡಿ. ಕೆಂಪು ಗ್ರೌಂಡಿಗೆ, ಕಪ್ಪು ಅಳೆಯುವ ಜಾಗಕ್ಕೆ. ಕನೆಕ್ಟರುಗಳ ಸಿಗ್ನಲ್ ಪಿನ್ನುಗಳಲ್ಲಿ ಹೆಚ್ಚಾಗಿ 0.3ರಿಂದ 0.6 ವೋಲ್ಟಿನ ನಡುವೆ ಬರುತ್ತದೆ. ಸೊನ್ನೆ ಬಂದರೆ ಅದು ಗ್ರೌಂಡ್ ಪಿನ್, ಇಲ್ಲವೇ ಶಾರ್ಟ್. ಶಾರ್ಟ್ ಅಂದರೆ ಪವರ್ ಹೋಗಬೇಕಾದ ಲೈನ್ ಗ್ರೌಂಡಿಗೆ ನೇರ ತಾಗಿಕೊಂಡಿದೆ ಅಂತ.

ಹೊಸಬರು ತಪ್ಪದೆ ಎಡವುವ ಜಾಗ ಒಂದಿದೆ. ಸಿಪಿಯು ಪಕ್ಕದ ಕಾಯಿಲ್‌ಗಳಲ್ಲಿ ರೆಸಿಸ್ಟೆನ್ಸ್ ತೀರಾ ಕಡಿಮೆ. ಹೊಸ ಪ್ರೊಸೆಸರ್‌ಗಳಲ್ಲಿ ಒಂದು ಓಮಿಗಿಂತಲೂ ಕೆಳಗಿರಬಹುದು. ಮೀಟರ್ ಬೀಪ್ ಅನ್ನುತ್ತದೆ. ಅದು ಶಾರ್ಟ್ ಅಲ್ಲ, ಆ ಪ್ರೊಸೆಸರ್ ಇರುವುದೇ ಹಾಗೆ. ಬೀಪ್ ಕೇಳಿದ ಕೂಡಲೇ 'ಸಿಪಿಯು ಶಾರ್ಟ್' ಅಂತ ಒಳ್ಳೆಯ ಬೋರ್ಡನ್ನು ಕಸಕ್ಕೆ ಎಸೆದವರು ಬೇಕಾದಷ್ಟು ಜನ. ಅದೇ 3.3 ಅಥವಾ 5 ವೋಲ್ಟಿನ ಕಾಯಿಲ್‌ನಲ್ಲಿ ಒಂದೆರಡು ಓಮ್ ಬಂದರೆ ಖಂಡಿತ ತೊಂದರೆ ಇದೆ.

ಹೀಗೆ ಎರಡು ಮೂರು ಬೋರ್ಡಿನ ಅಳತೆ ಬರೆದಿಟ್ಟ ಪುಸ್ತಕ ನಿಮ್ಮ ಹತ್ತಿರ ಇದ್ದರೆ, ಅರ್ಧ ಕೋರ್ಸಿನ ಫೀಸು ಉಳಿಯಿತು.

ಹಂತ 3: ಸ್ಕೀಮ್ಯಾಟಿಕ್ ಓದಲು ಕಲಿಯಿರಿ

ಸ್ಕೀಮ್ಯಾಟಿಕ್ ಅಂದರೆ ಯಾವುದು ಯಾವುದಕ್ಕೆ ಸೇರಿದೆ ಅನ್ನುವ ಸರ್ಕ್ಯೂಟ್ ನಕ್ಷೆ. ಬೋರ್ಡ್‌ವ್ಯೂ ಅಂದರೆ ಆ ಭಾಗ ಬೋರ್ಡ್ ಮೇಲೆ ಎಲ್ಲಿದೆ ಅಂತ ತೋರಿಸುವ ಫೈಲ್. ಅದನ್ನು ತೆರೆಯಲು ಓಪನ್‌ಬೋರ್ಡ್‌ವ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ.

ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹಾಕಿ ಹುಡುಕಬೇಡಿ. ಒಂದೇ ಮಾಡೆಲ್ ಹೆಸರಿನಲ್ಲಿ ಎರಡು ಮೂರು ಬೇರೆ ಬೇರೆ ಬೋರ್ಡ್ ಬಂದಿರುತ್ತವೆ. ಡೆಲ್, ಎಚ್‌ಪಿ, ಏಸರ್ ಹೆಸರಿನ ಎಷ್ಟೋ ಬೋರ್ಡುಗಳನ್ನು ಮಾಡುವುದು ಕಂಪಾಲ್, ಕ್ವಾಂಟಾ, ವಿಸ್ಟ್ರಾನ್‌ನಂಥ ತೈವಾನಿನ ಕಂಪನಿಗಳು. ಬೋರ್ಡ್ ಮೇಲೆಯೇ ಅವರ ನಂಬರ್ ಅಚ್ಚಾಗಿರುತ್ತದೆ. ಕಂಪಾಲ್ ಆದರೆ 'ಎಲ್‌ಎ' ಅಂತ ಶುರು, ಕ್ವಾಂಟಾ ಆದರೆ 'ಡಿಎ0' ಅಂತ ಶುರು. ಲೆನೊವೊದ ಎಷ್ಟೋ ಬೋರ್ಡುಗಳಲ್ಲಿ 'ಎನ್‌ಎಂ' ಅಂತ ಇರುತ್ತದೆ. ಆ ನಂಬರ್ ಹಾಕಿ ಹುಡುಕಿ, ರಿವಿಷನ್ ನಂಬರನ್ನೂ ತಾಳೆ ನೋಡಿ.

ಬೋರ್ಡ್ ಮಟ್ಟದ ನಕ್ಷೆಯನ್ನು ಕಂಪನಿಗಳು ಹೊರಗೆ ಕೊಡುವುದು ತೀರಾ ಅಪರೂಪ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಅದು ಮ್ಯಾನುಯಲ್, ವಾರಂಟಿ, ಬಿಡಿಭಾಗದ ಮಾಹಿತಿಗೆ ಆಗುತ್ತದೆ, ನಕ್ಷೆಗೆ ಅದನ್ನು ನಂಬಿ ಕೂರಬೇಡಿ. ಮೆಷಿನ್ ಬಿಚ್ಚುವ ಕ್ರಮ ತೋರಿಸುವ ಸರ್ವಿಸ್ ಮ್ಯಾನುಯಲ್‌ಗಳು ಡೆಲ್, ಎಚ್‌ಪಿ, ಲೆನೊವೊ ಸೈಟುಗಳಲ್ಲಿ ಪುಕ್ಕಟೆ ಸಿಗುತ್ತವೆ. 'ಸಾವಿರಾರು ಸ್ಕೀಮ್ಯಾಟಿಕ್ ಒಂದೇ ಪೆನ್‌ಡ್ರೈವ್‌ನಲ್ಲಿ' ಅಂತ ಮಾರುವವರಿಂದ ದೂರ ಇರಿ. ಅರ್ಧಕ್ಕರ್ಧ ಬೇಡದ್ದು, ಜೊತೆಗೆ ವೈರಸ್ ಭಯ.

ನಕ್ಷೆ ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. ಐಸಿ ಮೇಲಿನ ನಂಬರ್ ಓದಿ ಡೇಟಾಶೀಟ್ (ಆ ಐಸಿಯ ವಿವರ ಪತ್ರ) ಇಳಿಸಿಕೊಳ್ಳಿ. ಅದನ್ನು ತಯಾರಿಸಿದ ಕಂಪನಿಯೇ ಹೆಚ್ಚಾಗಿ ಉಚಿತವಾಗಿ ಕೊಡುತ್ತದೆ.

ಹಂತ 4: ಪವರ್ ಸೀಕ್ವೆನ್ಸ್

ಇಡೀ ವಿದ್ಯೆಯ ಬೆನ್ನೆಲುಬು ಇದೇ. ಅಡಾಪ್ಟರ್ ಚುಚ್ಚಿದಾಗಿನಿಂದ ಸ್ಕ್ರೀನಿನಲ್ಲಿ ಲೋಗೋ ಬರುವ ತನಕ ವೋಲ್ಟೇಜುಗಳು ಒಂದರ ಹಿಂದೆ ಒಂದು ಬರುತ್ತವೆ. ಹಿಂದಿನದು ಬರದೆ ಮುಂದಿನದು ಬರುವುದಿಲ್ಲ. ಇಂಟೆಲ್ ಬೋರ್ಡುಗಳಲ್ಲಿ ಹೆಚ್ಚುಕಡಿಮೆ ಹೀಗೆ:

1. ಅಡಾಪ್ಟರಿನ 19 ವೋಲ್ಟ್ ಜ್ಯಾಕ್ ದಾಟಿ ಇನ್‌ಪುಟ್ ಮಾಸ್ಫೆಟ್‌ಗಳ ತನಕ ಬರುತ್ತದೆ. ಅವನ್ನು ತೆರೆಯುವುದು ಚಾರ್ಜಿಂಗ್ ಐಸಿ. ತುಂಬಾ ಬೋರ್ಡುಗಳಲ್ಲಿ ಸಿಗುವ ಬಿಕ್ಯೂ24735 ಐಸಿಯಲ್ಲಿ ಎಸಿಡಿಇಟಿ ಅನ್ನುವ ಪಿನ್ 2.4 ವೋಲ್ಟ್ ದಾಟಿದರೆ 'ಅಡಾಪ್ಟರ್ ಸರಿಯಿದೆ' ಅಂತ ಅರ್ಥ.
2. 19 ವೋಲ್ಟ್ ಮೇನ್ ಲೈನಿಗೆ ಬಂದ ಮೇಲೆ ಟಿಪಿಎಸ್51225ರಂಥ ಐಸಿ ಸ್ಟ್ಯಾಂಡ್‌ಬೈ 3.3 ಮತ್ತು 5 ವೋಲ್ಟ್ ಕೊಡುತ್ತದೆ. ಬಟನ್ ಒತ್ತುವ ಮುಂಚೆಯೇ ಇರಬೇಕಾದ ವೋಲ್ಟೇಜ್ ಇದು.
3. ಆ 3.3 ವೋಲ್ಟಿನಿಂದ ಇಸಿ ಎಚ್ಚರವಾಗುತ್ತದೆ. ಇಸಿ ಅಂದರೆ ಕೀಬೋರ್ಡ್, ಬ್ಯಾಟರಿ, ಪವರ್ ಬಟನ್ ನೋಡಿಕೊಳ್ಳುವ ಚಿಕ್ಕ ಕಂಟ್ರೋಲರ್. ಅಂಗಡಿಗಳಲ್ಲಿ ಐಒ ಅಂತಲೂ ಕರೆಯುತ್ತಾರೆ.
4. ಬಟನ್ ಒತ್ತಿದಾಗ ಅದರ ಲೈನ್ 3.3ರಿಂದ ಸೊನ್ನೆಗೆ ಇಳಿದು ಮತ್ತೆ ಮೇಲೇಳುತ್ತದೆ. ಇಸಿ ಇದನ್ನು ನೋಡಿ ಚಿಪ್‌ಸೆಟ್‌ಗೆ (ಸಿಪಿಯು ಜೊತೆ ಕೆಲಸ ಮಾಡುವ ಮುಖ್ಯ ಚಿಪ್) ಸುದ್ದಿ ಮುಟ್ಟಿಸುತ್ತದೆ.
5. ಚಿಪ್‌ಸೆಟ್ ತನ್ನ ಎಸ್‌ಎಲ್‌ಪಿ ಎಸ್4, ಎಸ್‌ಎಲ್‌ಪಿ ಎಸ್3 ಸಿಗ್ನಲ್‌ಗಳನ್ನು ಮೇಲೆ ಎತ್ತುತ್ತದೆ. ಅಂದರೆ ನಿದ್ದೆ ಮುಗಿಯಿತು, ಉಳಿದ ಸಪ್ಲೈ ಆನ್ ಮಾಡಿ ಅಂತ.
6. ರ‍್ಯಾಮ್ ವೋಲ್ಟೇಜ್ ಬರುತ್ತದೆ. ಡಿಡಿಆರ್3ಎಲ್ ಆದರೆ 1.35, ಡಿಡಿಆರ್4 ಆದರೆ 1.2.
7. ಕೊನೆಗೆ ಸಿಪಿಯು ಕೋರ್ ವೋಲ್ಟೇಜ್. ಎಲ್ಲ ಸರಿಯಿದೆ ಅಂತ ಗೊತ್ತಾದ ಮೇಲೆ ರಿಸೆಟ್ ಬಿಡುಗಡೆಯಾಗಿ ಸಿಪಿಯು ಬಯಾಸ್, ಅಂದರೆ ಮೆಷಿನ್ ಶುರು ಮಾಡುವ ಪ್ರೋಗ್ರಾಂ, ಓದಲು ಶುರು ಮಾಡುತ್ತದೆ.

ಡೆಡ್ ಬೋರ್ಡ್ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎಲ್ಲಿಗೆ ನಿಂತಿದೆ? ಮೂರನೆಯದರಲ್ಲಿ ನಿಂತಿರುವಾಗ ಏಳನೆಯದನ್ನು ರಿಪೇರಿ ಮಾಡಲು ಕೂತರೆ ದಿನ ಹಾಳು. ಬಟನ್ ಲೈನಿನಲ್ಲಿ 3.3 ವೋಲ್ಟೇ ಇಲ್ಲ ಅಂದಮೇಲೆ ಹೊಸ ಬಟನ್ ಹಾಕಿ ಏನು ಫಲ? ಎಎಂಡಿ ಬೋರ್ಡುಗಳಲ್ಲಿ ಹೆಸರು ಸ್ವಲ್ಪ ಬೇರೆ, ಲೆಕ್ಕಾಚಾರ ಇದೇ.

ಡೆಲ್ ಮತ್ತು ಎಚ್‌ಪಿ ಮೆಷಿನ್‌ಗಳಲ್ಲಿ ಇನ್ನೊಂದು ವಿಶೇಷ. ಅಡಾಪ್ಟರ್ ಪಿನ್ನಿನ ನಡುವಿನ ತೆಳು ಕಡ್ಡಿ ಐಡಿ ಲೈನ್, ಅಡಾಪ್ಟರ್ ಯಾವುದು ಅಂತ ಲ್ಯಾಪ್‌ಟಾಪಿಗೆ ತಿಳಿಸುವುದು ಅದೇ. ಅದು ಮುರಿದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಆದರೆ ನಿಧಾನವಾಗುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಬೋರ್ಡ್ ಬಿಚ್ಚುವ ಮುಂಚೆ ಬೇರೆ ಅಡಾಪ್ಟರ್ ಹಾಕಿ ನೋಡಿ.

ಹಂತ 5: ವಿಡಿಯೊ ನೋಡುವ ರೀತಿ ಬದಲಿಸಿ

ಈಗ ವಿಡಿಯೊಗಳು ಉಪಯೋಗಕ್ಕೆ ಬರುತ್ತವೆ. ಅಮೆರಿಕದ ರಿಪೇರಿಗಾರ ಲೂಯಿಸ್ ರಾಸ್‌ಮನ್ ಅವರ ಹಳೆಯ ಮ್ಯಾಕ್‌ಬುಕ್ ರಿಪೇರಿ ವಿಡಿಯೊಗಳಲ್ಲಿ ನಕ್ಷೆ ಹಿಡಿದು ಯೋಚಿಸುವ ಕ್ರಮ ಕಾಣುತ್ತದೆ. ನಾರ್ತ್‌ರಿಜ್‌ಫಿಕ್ಸ್ ಚಾನೆಲ್‌ನಲ್ಲಿ ಕೈಕೆಲಸ ಚೆನ್ನಾಗಿ ತೋರಿಸುತ್ತಾರೆ. ಲರ್ನ್ ಎಲೆಕ್ಟ್ರಾನಿಕ್ಸ್ ರಿಪೇರ್ ಚಾನೆಲ್ ಹೊಸಬರಿಗೆ ನಿಧಾನವಾಗಿ ಹೇಳಿಕೊಡುತ್ತದೆ. ನಮ್ಮಲ್ಲಿ ಸಿಗುವ ಡೆಲ್, ಎಚ್‌ಪಿ, ಲೆನೊವೊ ಬೋರ್ಡುಗಳ ಮೇಲೆ ಹಿಂದಿಯಲ್ಲಿ ಬೇಕಾದಷ್ಟು ವಿಡಿಯೊ ಇವೆ.

ನೋಡುವಾಗ ಹೀಗೆ ಮಾಡಿ. ಗಿರಾಕಿಯ ದೂರು ಏನು ಅಂತ ಹೇಳಿದ ಕೂಡಲೇ ವಿಡಿಯೊ ನಿಲ್ಲಿಸಿ. ಮೊದಲು ಎಲ್ಲಿ ಅಳೆಯುತ್ತೀರಿ, ಎಷ್ಟು ಬರಬೇಕು ಅಂತ ಕಾಗದದ ಮೇಲೆ ಬರೆಯಿರಿ. ಆಮೇಲೆ ಮುಂದೆ ನೋಡಿ. ಅವರು ಬೇರೆ ಕಡೆ ಅಳೆದರೆ ಯಾಕೆ ಅಂತ ಯೋಚಿಸಿ. ಗಂಟೆಗೆ ಒಂದೇ ವಿಡಿಯೊ ಆಗುತ್ತದೆ, ಇರಲಿ. ಊಟ ಮಾಡುತ್ತಾ ಹತ್ತು ವಿಡಿಯೊ ಸುಮ್ನೆ ನೋಡಿದರೆ ಹತ್ತೂ ಮರೆತುಹೋಗುತ್ತವೆ.

ಇನ್ನೊಂದು ನೆನಪಿರಲಿ. ರಿಪೇರಿ ಆಗದ ಬೋರ್ಡಿನ ವಿಡಿಯೊ ಯಾರೂ ಅಷ್ಟಾಗಿ ಹಾಕುವುದಿಲ್ಲ. ಎರಡು ದಿನ ಹುಡುಕಿದ್ದನ್ನು ಇಪ್ಪತ್ತು ನಿಮಿಷಕ್ಕೆ ಕತ್ತರಿಸಿರುತ್ತಾರೆ. ನಿಮಗೆ ಮೂರು ದಿನ ಹಿಡಿದರೆ ಅದು ದಡ್ಡತನ ಅಲ್ಲ.

ಹಂತ 6: ಶಾರ್ಟ್ ಹುಡುಕುವುದು

ಡೆಡ್ ಬೋರ್ಡುಗಳಲ್ಲಿ ಆಗಾಗ ಸಿಗುವ ಕಾಯಿಲೆ ಇದು. ಸಿರಾಮಿಕ್ ಕೆಪಾಸಿಟರ್ ಅಥವಾ ಮಾಸ್ಫೆಟ್ ಶಾರ್ಟ್ ಆಗಿರುತ್ತದೆ. ಕರಾವಳಿಯಿಂದ ಬಂದ ಬೋರ್ಡಾದರೆ ಮೊದಲು ತುಕ್ಕು ನೋಡಿ, ಹಸಿರು ಕಲೆ ಕಂಡರೆ ಐಪಿಎ ಮತ್ತು ಬ್ರಷ್ ಹಾಕಿ ತೊಳೆದು ಮತ್ತೆ ಅಳೆಯಿರಿ.

ಶಾರ್ಟ್ ಆದ ಲೈನಿನ ಮೇಲೆ ಹತ್ತಾರು ಕೆಪಾಸಿಟರ್ ಇರುತ್ತವೆ. ಯಾವುದು ಅಂತ ತಿಳಿಯಲು ಅಡಾಪ್ಟರ್, ಬ್ಯಾಟರಿ ತೆಗೆದು ಆ ಲೈನಿಗೆ ಡಿಸಿ ಸಪ್ಲೈನಿಂದ ಸ್ವಲ್ಪ ವೋಲ್ಟೇಜ್ ಕೊಡುತ್ತಾರೆ. ಕೆಟ್ಟ ಭಾಗ ಬಿಸಿಯಾಗುತ್ತದೆ. ಐಪಿಎ ಹಚ್ಚಿದ್ದರೆ ಅಲ್ಲಿ ಮೊದಲು ಒಣಗುತ್ತದೆ. ಬೆರಳಿಟ್ಟು ನೋಡಬೇಡಿ, ಸುಡುತ್ತದೆ. 1 ವೋಲ್ಟಿನಿಂದ ಶುರು ಮಾಡಿ, ಕರೆಂಟ್ ಲಿಮಿಟ್ ಹಾಕಿಕೊಳ್ಳಿ. ಆ ಲೈನಿನ ಮಾಮೂಲಿ ವೋಲ್ಟೇಜನ್ನು ಯಾವತ್ತೂ ದಾಟಬೇಡಿ.

ಇಲ್ಲಿ ಒಂದು ದೊಡ್ಡ ಗಂಡಾಂತರ ಇದೆ. 19 ವೋಲ್ಟಿನ ಮೇನ್ ಲೈನ್ ಶಾರ್ಟ್ ತೋರಿಸಿದಾಗ ಕಾರಣ ಸಿಪಿಯು ಸರ್ಕ್ಯೂಟಿನ ಮೇಲಿನ ಮಾಸ್ಫೆಟ್ ಆಗಿರಬಹುದು. ಅದು ಶಾರ್ಟ್ ಆಗಿದ್ದರೆ ಮೇನ್ ಲೈನಿಗೆ ನೀವು ಕೊಟ್ಟದ್ದೆಲ್ಲ ನೇರ ಸಿಪಿಯುಗೆ ಹೋಗುತ್ತದೆ. 5 ವೋಲ್ಟ್ ಕೊಟ್ಟರೆ ಪ್ರೊಸೆಸರ್ ಸತ್ತ ಹಾಗೆ. ಹಾಗಾಗಿ ಮೊದಲು ಮೇನ್ ಲೈನಿಗೂ ಪ್ರತಿ ಕಾಯಿಲ್‌ಗೂ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಒಂದು ಕಾಯಿಲ್ ಜೊತೆಗೆ ಸೊನ್ನೆ ಬಂದರೆ ವೋಲ್ಟೇಜ್ ಕೊಡಬೇಡಿ, ಅಲ್ಲಿಯ ಮಾಸ್ಫೆಟ್ ಮೊದಲು ತೆಗೆಯಿರಿ.

ಹಂತ 7: ಸೋಲ್ಡರಿಂಗ್

ಸ್ಕ್ರ್ಯಾಪ್ ಬೋರ್ಡುಗಳು ಈಗ ಹೊರಗೆ ಬರಲಿ. ಕ್ರಮ ಹೀಗಿರಲಿ: ಮೊದಲು ಕೆಪಾಸಿಟರ್ ತೆಗೆದು ಹಾಕುವುದು, ಆಮೇಲೆ ಎಂಟು ಕಾಲಿನ ಮಾಸ್ಫೆಟ್, ಆಮೇಲೆ ಕಾಲುಗಳು ಅಡಿಯಲ್ಲೇ ಇರುವ ಚೌಕದ ಚಾರ್ಜಿಂಗ್ ಐಸಿ. ತೆಗೆದು ಹಾಕಿದ ಮೇಲೆ ಪ್ಯಾಡ್ ಕಿತ್ತುಬಂದಿಲ್ಲ, ಪಕ್ಕದ ಭಾಗ ಸರಿದಿಲ್ಲ ಅಂದರೆ ಮಾತ್ರ ಮುಂದೆ ಹೋಗಿ.

ಕಂಪನಿಯಿಂದ ಬರುವ ಬೋರ್ಡಿನ ಸೋಲ್ಡರಿನಲ್ಲಿ ಸೀಸ ಇರುವುದಿಲ್ಲ. ಅದು ಸುಮಾರು 217 ಡಿಗ್ರಿಗೆ ಕರಗುತ್ತದೆ. ನಾವು ಬಳಸುವ 63/37 ಲೆಡ್ (63 ಭಾಗ ತವರ, 37 ಭಾಗ ಸೀಸ ಇರುವ ಸೋಲ್ಡರ್) 183ಕ್ಕೇ ಕರಗುತ್ತದೆ. ಹಳೆಯ ಜಾಯಿಂಟಿಗೆ ನಮ್ಮ ಲೆಡ್ ಸ್ವಲ್ಪ ಬೆರೆಸಿ, ಫ್ಲಕ್ಸ್ ಹಾಕಿದರೆ ಕೀಳುವುದು ಸುಲಭ. ಐರನ್ ಹಿಡಿದರೂ ಕರಗುತ್ತಿಲ್ಲ ಅಂದರೆ ಅದು ದೊಡ್ಡ ಗ್ರೌಂಡ್ ಪ್ಯಾಡ್, ಶಾಖವನ್ನೆಲ್ಲ ಎಳೆದುಕೊಳ್ಳುತ್ತಿದೆ. ಟೆಂಪರೇಚರ್ ಏರಿಸುವ ಬದಲು ಅಗಲದ ಟಿಪ್ ಹಾಕಿ. ಬಿಸಿ ಗಾಳಿ ಹೊಡೆಯುವಾಗ ಹತ್ತಿರದ ಪ್ಲಾಸ್ಟಿಕ್ ಕನೆಕ್ಟರುಗಳಿಗೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿ. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಸೋಪ್ ಹಾಕಿ ಕೈ ತೊಳೆಯಿರಿ.

ಗ್ರಾಫಿಕ್ಸ್ ಚಿಪ್ಪಿಗೆ ಬಿಸಿ ಗಾಳಿ ಹೊಡೆದು ಡಿಸ್‌ಪ್ಲೇ ಬರಿಸುವ ವಿಡಿಯೊಗಳನ್ನು ನಂಬಬೇಡಿ. ಬರುತ್ತದೆ, ಕೆಲವು ದಿನಕ್ಕೆ ಹೋಗುತ್ತದೆ. ಗಿರಾಕಿ ಮತ್ತೆ ಬರುವುದು ಜಗಳಕ್ಕೇ.

ಹಂತ 8: ಬಯಾಸ್

ಎಲ್ಲ ವೋಲ್ಟೇಜ್ ಇದೆ, ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ ಅಂದರೆ ಬಯಾಸ್ ನೋಡಬೇಕಾಗುತ್ತದೆ. ಬಯಾಸ್ ಚಿಪ್ಪನ್ನು ಓದಿ ಬರೆಯಲು ಸಿಎಚ್341ಎ ಅನ್ನುವ ಅಗ್ಗದ ಪ್ರೋಗ್ರಾಮರ್ ಸಾಧನ ಸಾಕು. ಎರಡು ಎಚ್ಚರಿಕೆ. ಚಿಪ್ 3.3 ವೋಲ್ಟಿನದೋ 1.8ರದೋ ಅಂತ ಡೇಟಾಶೀಟ್ ನೋಡಿ, 1.8 ಆದರೆ ಪ್ರೋಗ್ರಾಮರಿಗೆ 1.8 ವೋಲ್ಟಿನ ಅಡಾಪ್ಟರ್ ಹಾಕದೆ ಜೋಡಿಸಬೇಡಿ. ಮತ್ತೆ, ಹಳೆಯ ಫೈಲನ್ನು ಎರಡು ಸಲ ಓದಿ, ಎರಡೂ ಒಂದೇ ಇದೆ ಅಂತ ತಾಳೆ ನೋಡಿ, ಉಳಿಸಿಕೊಂಡ ಮೇಲೆಯೇ ಹೊಸದು ಬರೆಯಿರಿ. ಸೀರಿಯಲ್ ನಂಬರ್, ವಿಂಡೋಸ್ ಕೀ ಅದರಲ್ಲೇ ಇರುತ್ತವೆ.

ದುಡ್ಡು ಕೊಟ್ಟು ಕೋರ್ಸ್ ಸೇರುವ ಮುಂಚೆ

ನಾಲ್ಕನೇ ಹಂತದ ತನಕ ಪುಕ್ಕಟೆ ಕಲಿಯಬಹುದು. ಅಲ್ಲಿಗೆ ಬಂದು ಸಿಕ್ಕಿಹಾಕಿಕೊಂಡವರಿಗೆ ಕೋರ್ಸಿನಿಂದ ನಿಜವಾದ ಲಾಭ. ಮೊದಲೇ ಸೇರಿದರೆ ಬೇಸಿಕ್ಸ್‌ಗೇ ಅರ್ಧ ಕೋರ್ಸ್ ಮುಗಿದಿರುತ್ತದೆ. ಸೇರುವ ಮುಂಚೆ ಒಂದು ಪೂರ್ತಿ ಪಾಠವನ್ನು ಮಾದರಿಗೆ ಕೇಳಿ. ಅದರಲ್ಲಿ ಪಾಠ ಮಾಡುವವರು ಯಾಕೆ ಅಳೆಯುತ್ತಾರೆ ಅಂತ ಹೇಳುತ್ತಾರಾ, ಇಲ್ಲ 'ಈ ಐಸಿ ಬದಲಿಸಿ, ಆಯ್ತು' ಅನ್ನುತ್ತಾರಾ? ನಿಮ್ಮ ಬೋರ್ಡಿನ ಅಳತೆ ಕಳಿಸಿದರೆ ಉತ್ತರ ಕೊಡುವವರು ಇದ್ದಾರಾ? ವಿಡಿಯೊ ಎಷ್ಟು ದಿನ ನೋಡಲು ಸಿಗುತ್ತದೆ? ಗ್ಯಾರಂಟಿ ಕೆಲಸ, ಒಂದೇ ತಿಂಗಳಲ್ಲಿ ಎಕ್ಸ್‌ಪರ್ಟ್ ಅನ್ನುವ ಜಾಹೀರಾತು ಕಂಡರೆ ಮುಂದೆ ಹೋಗಿ. ಸರ್ಟಿಫಿಕೇಟ್ ನೋಡಿ ಯಾರೂ ಲ್ಯಾಪ್‌ಟಾಪ್ ಕೊಡುವುದಿಲ್ಲ.

ಕೈಕೆಲಸ ಎದುರಿಗೆ ಕೂತು ಕಲಿಯಬೇಕು ಅನ್ನಿಸಿದರೆ ನಿಮ್ಮ ಜಿಲ್ಲೆಯ ಆರ್‌ಸೆಟಿಯಲ್ಲಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲೇ ಇವು ಬಂದಿರುವುದು. ತರಬೇತಿ, ಊಟ, ವಸತಿ ಉಚಿತ. ಮದರ್‌ಬೋರ್ಡ್ ಕೋರ್ಸ್ ಎಲ್ಲ ಕಡೆ ಇರುವುದಿಲ್ಲ. ಮೊಬೈಲ್ ರಿಪೇರಿ ಬ್ಯಾಚ್ ಇದ್ದರೂ ಸೇರಿ, ಸೋಲ್ಡರಿಂಗ್ ಕೈ ಕೂರುತ್ತದೆ.

ಗಿರಾಕಿಯ ಮೊದಲ ಬೋರ್ಡ್

ಸ್ಕ್ರ್ಯಾಪ್ ಬೋರ್ಡುಗಳಲ್ಲಿ ಕೆಲವನ್ನಾದರೂ ಸ್ವಂತವಾಗಿ ಎಬ್ಬಿಸಿದ ಮೇಲೆ ಹೊರಗಿನವರದ್ದು ತಗೊಳ್ಳಿ. ತಗೊಳ್ಳುವಾಗ ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿ ಬಿಚ್ಚಿ ಅವರ ಕೈಗೇ ಕೊಟ್ಟುಬಿಡಿ, ಡೇಟಾ ಹೋಯಿತು ಅನ್ನುವ ಮಾತೇ ಬರುವುದಿಲ್ಲ. ಬೋರ್ಡಿನ ಎರಡೂ ಬದಿಯ ಫೋಟೊ ಅವರ ಎದುರಿಗೇ ತೆಗೆಯಿರಿ. ಈ ಮುಂಚೆ ಬೇರೆ ಕಡೆ ಬಿಚ್ಚಿಸಿದ್ದರಾ ಅಂತ ಕೇಳಿ, ಉತ್ತರವನ್ನು ರಸೀತಿಯಲ್ಲಿ ಬರೆಯಿರಿ. ಬೇರೆಯವರು ಬಿಸಿ ಗಾಳಿ ಹೊಡೆದ ಬೋರ್ಡ್ ಆದರೆ ಆರಂಭದ ದಿನಗಳಲ್ಲಿ 'ಬೇಡ' ಅನ್ನಿ. ರಿಪೇರಿ ಆಗದಿದ್ದರೆ ಚೆಕ್ಕಿಂಗ್ ಚಾರ್ಜ್ ಎಷ್ಟು ಅನ್ನುವುದನ್ನೂ ಅದೇ ರಸೀತಿಯಲ್ಲಿ ಹಾಕಿ, ಅವರ ಸಹಿ ತಗೊಂಡ ಮೇಲೆ ಸ್ಕ್ರೂ ಬಿಚ್ಚಿ.